ಭಾಷಣ ಕೇಳುವಾಗ ಕೈಯಲ್ಲಿ ಪೆನ್ನಿರಲಿ

ದೊಡ್ಡ ಉದ್ಯಮಿಗಳ ಭಾಷಣ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಮರುದಿನ ಏನೂ ನೆನಪಿರುವುದಿಲ್ಲ, ಅಲ್ವಾ? ನನಗೂ ಹಾಗೇ ಆಗುತ್ತಿತ್ತು. ಈಗ ಬುದ್ಧಿಮಾತು ಬರೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ಅವರು ಮಾಡಿದ ಕೆಲಸ ಮಾತ್ರ ಬರೆಯುತ್ತೇನೆ, ಪಕ್ಕದಲ್ಲಿ ಎಷ್ಟು ಕಾಲ ಹಿಡಿಯಿತು ಅಂತ.

2005ರಲ್ಲಿ ಆ್ಯಪಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ಜಾಬ್ಸ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣವನ್ನೇ ತೆಗೆದುಕೊಳ್ಳಿ. ಮೂರೇ ಕತೆ. 'ಕಾಲೇಜು ಬಿಟ್ಟವನೇ ಗೆದ್ದ' ಅಂತ ಸುಮಾರು ಜನ ಅದನ್ನು ಹೇಳಿಕೊಂಡು ತಿರುಗುತ್ತಾರೆ. ಹಾಳೆಯಲ್ಲಿ ಬರೆದು ನೋಡಿದರೆ ಬೇರೆಯೇ ಕಾಣುತ್ತದೆ. ರೀಡ್ ಕಾಲೇಜನ್ನು 6 ತಿಂಗಳಿಗೇ ಬಿಟ್ಟರು, ನಿಜ. ಆದರೆ ಆಮೇಲೂ ಸುಮಾರು 18 ತಿಂಗಳು ಅಲ್ಲೇ ಇದ್ದು, ಇಷ್ಟವಾದ ತರಗತಿಗಳಿಗೆ ಹೋಗಿ ಕೂತರು. ಗೆಳೆಯರ ಕೋಣೆಯಲ್ಲಿ ನೆಲದ ಮೇಲೆ ಮಲಗಿದರು. ಖಾಲಿ ಕೋಕ್ ಬಾಟಲಿ ವಾಪಸ್ ಕೊಟ್ಟು, ತಲಾ 5 ಸೆಂಟ್ ಪಡೆದು ಊಟಕ್ಕೆ ದಾರಿ ಮಾಡಿಕೊಂಡರು. ಬಿಟ್ಟಿದ್ದು ಫೀಸು ಮತ್ತು ಬೇಡದ ಪಾಠ ಅನ್ನಬೇಕು! ಅಲ್ಲಿ ಕಲಿತ ಅಕ್ಷರಕಲೆ ಹತ್ತು ವರ್ಷದ ನಂತರ ಆ್ಯಪಲ್ ಕಂಪ್ಯೂಟರ್ ಮ್ಯಾಕಿಂಟೋಷ್‌ನ ಫಾಂಟ್‌ಗಳಿಗೆ ಉಪಯೋಗಕ್ಕೆ ಬಂತು.

ಆ ಹತ್ತು ವರ್ಷ ಕೇಳುವಾಗ ಒಂದೇ ವಾಕ್ಯದಲ್ಲಿ ಹಾರಿಹೋಗುತ್ತದೆ. ಬರೆದಾಗಲೇ ಕಣ್ಣಿಗೆ ಬೀಳುವುದು.

ಇನ್ನೊಂದು ಮಾತು. ಅದೇ ದಾರಿ ಹಿಡಿದು ಎಡವಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಹಾಗಾಗಿ ಭಾಷಣ ಕೇಳಿದ ದಿನವೇ ಕೆಲಸ ಬಿಡುವಂಥ ನಿರ್ಧಾರ ಬೇಡ. ಚಿಕ್ಕದೊಂದನ್ನು ಆರಿಸಿಕೊಂಡು ಒಂದು ವಾರ ಮಾಡಿ ನೋಡಿ. ನಾನಂತೂ ವಾರಕ್ಕೆ ಎರಡು ಗಂಟೆ, ನನ್ನ ಕೆಲಸಕ್ಕೆ ಸಂಬಂಧವೇ ಇಲ್ಲದ ಏನಾದರೂ ಸುಮ್ನೆ ಕಲಿಯುತ್ತಿದ್ದೇನೆ. ಸದ್ಯಕ್ಕೆ ಮರಗೆಲಸ.