ಬ್ಯಾಂಕಾಕ್, ರಾತ್ರಿ ರೈಲು, ಎರಡು ದ್ವೀಪ: ನಾಲ್ವರು ಸುತ್ತುವ ಲೆಕ್ಕ

ಥಾಯ್ಲೆಂಡ್‌ಗೆ ಎರಡು ಕರಾವಳಿ. ಪಡುವಣಕ್ಕೆ ಅಂಡಮಾನ್ ಸಮುದ್ರ: ಫುಕೆಟ್, ಕ್ರಾಬಿ, ಕೊ ಲಂಟಾ. ಮೂಡಣಕ್ಕೆ ಥಾಯ್ ಕೊಲ್ಲಿ: ಕೊ ಸಮುಯಿ, ಕೊ ಫಂಗನ್, ಕೊ ಟಾವ್. ('ಕೊ' ಅಂದರೆ ದ್ವೀಪ.) ಮಲ್ಪೆಯಲ್ಲಿ ದೋಣಿಗಳನ್ನು ದಡಕ್ಕೆ ಎಳೆಸುವ ನೈರುತ್ಯ ಮಾರುತವೇ ಮೇಯಿಂದ ಅಕ್ಟೋಬರ್‌ವರೆಗೆ ಫುಕೆಟ್ ಕಡೆಗೂ ಬಡಿಯುತ್ತದೆ. ಚೆನ್ನೈಯನ್ನು ತೋಯಿಸುವ ಈಶಾನ್ಯ ಮಾರುತದ ಕಾಲದಲ್ಲಿ ಕೊಲ್ಲಿಯ ದ್ವೀಪಗಳಿಗೆ ಮಳೆ, ಅದರಲ್ಲೂ ನವೆಂಬರ್‌ನಲ್ಲಿ ಜೋರು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ರಜೆ ಸಿಕ್ಕರೆ ಕೊಲ್ಲಿ, ಕ್ರಿಸ್‌ಮಸ್ ರಜೆಯಾದರೆ ಕ್ರಾಬಿ. ಇದನ್ನು ನೋಡದೆ ವಿಮಾನದ ಅಗ್ಗದ ದರ ಕಂಡು ಟಿಕೆಟ್ ತೆಗೆದವರು ಕೆಂಪು ಬಾವುಟ ಹಾರುವ ಬೀಚಿನಲ್ಲಿ ಕೂತು ಇಸ್ಪೀಟು ಆಡಬೇಕಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಆಗಸ್ಟ್‌ನ ಲೆಕ್ಕ, ಹತ್ತು ರಾತ್ರಿ: ಬ್ಯಾಂಕಾಕ್ ಎರಡು, ರೈಲು ಒಂದು, ಕೊ ಟಾವ್ ಮೂರು, ಕೊ ಫಂಗನ್ ಮೂರು, ಮತ್ತೆ ಬ್ಯಾಂಕಾಕ್ ಒಂದು. ಹತ್ತು ರಾತ್ರಿಯಲ್ಲಿ ಐದು ಊರು ತುರುಕುವವರನ್ನು ನೋಡಿದ್ದೇವೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಿನ ಚೆಕ್‌ಔಟ್, ವ್ಯಾನು, ಕಾಯುವುದು, ಚೆಕ್‌ಇನ್ ಎಂದು ಐದಾರು ಗಂಟೆ ಹೋಗೇ ಹೋಗುತ್ತದೆ. ಗೆಳೆಯರ ನಡುವೆ ಮಾತು ಬಿಗಿಯುವುದೂ ಹೆಚ್ಚಾಗಿ ಅವತ್ತೇ.

ಕಾಗದಪತ್ರದ ಕೆಲಸ ಕಡಿಮೆ. ಭಾರತೀಯರಿಗೆ ವೀಸಾ ವಿನಾಯಿತಿ 2023ರ ನವೆಂಬರ್‌ನಲ್ಲಿ ಶುರುವಾಯಿತು. ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ವಾರ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿಬಿಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ದಿನಕ್ಕೆ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಡಾಲರ್ ಕೇಳುವ ಪುಟ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ಸ್ಕೂಟರ್ ಓಡಿಸುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು: ಸಾವಿರ ರೂಪಾಯಿ ಶುಲ್ಕ, ಒಂದು ವರ್ಷದ ಅವಧಿ. ಅದರಲ್ಲಿ ಮೋಟರ್‌ಸೈಕಲ್ ವರ್ಗಕ್ಕೆ ಮುದ್ರೆ ಬಿದ್ದಿದೆಯೇ ಎಂದು ಕೌಂಟರ್‌ನಲ್ಲೇ ನೋಡಿ. ಕಾರಿಗೆ ಮಾತ್ರ ಇದ್ದರೆ, ಸ್ಕೂಟರಿನಿಂದ ಬಿದ್ದಾಗ ಪ್ರಯಾಣ ವಿಮೆಯವರು ಆಸ್ಪತ್ರೆ ಬಿಲ್ಲು ಕೊಡಲು ಒಪ್ಪುವುದಿಲ್ಲ.

ಬ್ಯಾಗು 40 ಲೀಟರ್, ತುಂಬಿದ ಮೇಲೆ 7 ಕಿಲೋ. ಅಗ್ಗದ ವಿಮಾನಗಳಲ್ಲಿ ಕ್ಯಾಬಿನ್‌ಗೆ ಬಿಡುವುದು ಸಾಮಾನ್ಯವಾಗಿ ಅಷ್ಟೇ. ಮೂರು ಟೀಶರ್ಟು, ಎರಡು ಚಡ್ಡಿ, ಮಂಡಿ ಮುಚ್ಚುವ ತೆಳು ಪ್ಯಾಂಟು ಒಂದು, ಒಂದು ಲುಂಗಿ. ಲುಂಗಿಯನ್ನು ಬಿಟ್ಟು ಹೋಗಬೇಡಿ: ರೈಲಿನಲ್ಲಿ ಹೊದಿಕೆ, ಬೀಚಿನಲ್ಲಿ ಹಾಸು, ಡಾರ್ಮಿಟರಿಯ ಕೆಳಗಿನ ಮಂಚಕ್ಕೆ ಪರದೆ. ಬಟ್ಟೆ ಒಗೆಸಲು ಕಿಲೋ ಲೆಕ್ಕದ ಅಂಗಡಿಗಳು ಎಲ್ಲ ಕಡೆ ಇವೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಬ್ಯಾಗಿಗೆ ಹಾಕುವಂತಿಲ್ಲ. 20,000 ಎಂಎಎಚ್‌ನದು 74 ವ್ಯಾಟ್-ಅವರ್, ಮಿತಿ 100. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ರೂಪಾಯಿ ನೋಟಿಗೆ ಅಲ್ಲಿ ದರ ಕಡಿಮೆ. ಮಡಿಕೆ, ಗೀಚು ಇಲ್ಲದ ನೂರು ಡಾಲರ್ ನೋಟಿಗೆ ಒಳ್ಳೆಯ ದರ, ಅದೂ ವಿಮಾನ ನಿಲ್ದಾಣದ ಮೊದಲ ಕೌಂಟರಿಗಿಂತ ಊರೊಳಗೆ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ (ಥಾಯ್ ಹಣ) ಅಥವಾ ಇನ್ನೂ ಹೆಚ್ಚು ಹಿಡಿಯುತ್ತಾರೆ. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಆದ್ದರಿಂದ ಒಬ್ಬರ ಕಾರ್ಡಿನಿಂದ ದೊಡ್ಡ ಮೊತ್ತ ಒಮ್ಮೆಗೇ ತೆಗೆದು ಹಂಚಿಕೊಳ್ಳುತ್ತೇವೆ. ಯಂತ್ರ 'ರೂಪಾಯಿಗೆ ಪರಿವರ್ತಿಸಲೇ' ಎಂದು ಕೇಳಿದರೆ ಬೇಡ ಅನ್ನಿ. ಹೂಂ ಎಂದರೆ ಅವರ ದರ ಬೀಳುತ್ತದೆ.

ಖರ್ಚಿಗೆ ಒಂದು ಜಿಪ್ ಚೀಲ. ಒಬ್ಬೊಬ್ಬರು ಮೂರು ಸಾವಿರ ಬಾತ್ ಹಾಕುತ್ತೇವೆ. ಟ್ಯಾಕ್ಸಿ, ನೀರು, ಎಲ್ಲರೂ ಸೇರಿ ಮಾಡಿದ ಊಟ ಅದರಿಂದ. ಬಿಯರು, ಮಸಾಜು, ಡೈವಿಂಗು ಅವರವರ ಜೇಬಿನಿಂದ. ಚೀಲ ಹಿಡಿಯುವವರು ಮೂರು ದಿನಕ್ಕೊಮ್ಮೆ ಬದಲು. ಫೋನಿನ ಆ್ಯಪ್‌ನಲ್ಲಿ ಬರೆದಿಡುವ ಪದ್ಧತಿಯನ್ನೂ ಮಾಡಿ ನೋಡಿದ್ದೇವೆ. ಹತ್ತು ಬಾತ್‌ನ ನೀರಿನ ಬಾಟಲಿ ಬರೆಯಲು ಮೂರನೆಯ ದಿನಕ್ಕೇ ಬೇಸರ ಬಂದು ಲೆಕ್ಕ ತಪ್ಪುತ್ತದೆ.

ಬೆಂಗಳೂರಿನಿಂದ ರಾತ್ರಿ ಹೊರಟ ವಿಮಾನ ಬೆಳಗಿನ ಜಾವ ಸುವರ್ಣಭೂಮಿಯಲ್ಲಿ ಇಳಿಸುತ್ತದೆ. ಗಡಿಯಾರ ಒಂದೂವರೆ ಗಂಟೆ ಮುಂದೆ. ನಾಲ್ವರು, ನಾಲ್ಕು ಬ್ಯಾಗು ಎಂದರೆ ಸಾದಾ ಟ್ಯಾಕ್ಸಿ ಸಾಲದು, ಏಕೆಂದರೆ ಬಹಳಷ್ಟು ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಅರ್ಧ ಜಾಗ ತಿಂದಿರುತ್ತದೆ. ದೊಡ್ಡ ಗಾಡಿ ಕರೆಸಿ, ಇಲ್ಲವೇ ರೈಲು ಹಿಡಿಯಿರಿ. ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್, ಮಕ್ಕಸನ್‌ನಲ್ಲಿ ಇಳಿದರೆ ಸೇತುವೆ ದಾಟಿ ಫೆಚ್ಚಬುರಿ ಮೆಟ್ರೋ. ಅದೇ ನೀಲಿ ಲೈನಿನಲ್ಲಿ ಹುವಾ ಲಂಫೋಂಗ್, ವಾಟ್ ಮಂಕೋನ್, ಸಾಮ್ ಯೋಟ್. ಈ ಮೂರರ ಸುತ್ತಮುತ್ತ ಹಾಸ್ಟೆಲ್ ಹಿಡಿಯುತ್ತೇವೆ. ಬ್ಯಾಗು ಹೊತ್ತ ಪ್ರವಾಸಿಗರು ಸೇರುವ ಖಾವ್ ಸಾನ್ ರಸ್ತೆಗೆ ಮೆಟ್ರೋ ಇಲ್ಲ, ರಾತ್ರಿ ಎರಡರವರೆಗೆ ಸದ್ದು ಬೇರೆ. ನಾಲ್ಕು ಮಂಚದ ಡಾರ್ಮ್ ತೆಗೆದುಕೊಂಡರೆ ಡಾರ್ಮಿನ ದರಕ್ಕೇ ಪೂರ್ತಿ ಕೋಣೆ ನಿಮ್ಮದು. ಚೆಕ್‌ಇನ್ ಮಧ್ಯಾಹ್ನ ಎರಡಕ್ಕಾದರೂ ಬ್ಯಾಗು ಬೆಳಿಗ್ಗೆಯೇ ಇಟ್ಟುಕೊಳ್ಳುತ್ತಾರೆ.

ಬ್ಯಾಂಕಾಕಿನ ಅರಮನೆಗೆ (ಗ್ರ್ಯಾಂಡ್ ಪ್ಯಾಲೇಸ್) ಬೆಳಿಗ್ಗೆ ಎಂಟೂವರೆಗೇ ಹೋಗಿ. ಟಿಕೆಟ್ 500 ಬಾತ್, ತೋಳು ಮಂಡಿ ಮುಚ್ಚಿರಬೇಕು. ಹೊರಗೆ ಮರ್ಯಾದಸ್ಥನಂತೆ ಕಾಣುವವನೊಬ್ಬ 'ಇವತ್ತು ಅರಮನೆ ಮುಚ್ಚಿದೆ, ಇಪ್ಪತ್ತು ಬಾತ್‌ಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸುತ್ತೇನೆ' ಎಂದರೆ ಆ ಗಾಡಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಗೇಟಿನವರೆಗೆ ನಡೆದು ನೀವೇ ನೋಡಿ. ಅಲ್ಲಿಂದ ವಾಟ್ ಫೊ ('ವಾಟ್' ಅಂದರೆ ದೇವಸ್ಥಾನ) ನಡಿಗೆಯ ದೂರ, ಥಾ ತಿಯನ್ ಕಟ್ಟೆಯಿಂದ ದೋಣಿಯಲ್ಲಿ ನದಿ ದಾಟಿದರೆ ವಾಟ್ ಅರುಣ್. ಚಾವೊ ಫ್ರಯಾ ನದಿಯಲ್ಲಿ ಓಡಾಡಲು ಕಿತ್ತಳೆ ಬಾವುಟದ ದೋಣಿ ಹತ್ತಿ. ನೀಲಿ ಬಾವುಟದ್ದು ಪ್ರವಾಸಿಗರದ್ದು, ದುಬಾರಿ.

ಗುಂಪಿನಲ್ಲಿ ಸಸ್ಯಾಹಾರಿ ಒಬ್ಬರಿದ್ದರೂ ಊಟದ ಮಾತು ಮೊದಲೇ ಕಲಿತಿರಬೇಕು. 'ನೋ ಮೀಟ್' ಎಂದರೆ ಮಾಂಸದ ತುಂಡು ಮಾತ್ರ ಹೋಗುತ್ತದೆ, ಮೀನಿನ ಸಾಸ್ ಉಳಿಯುತ್ತದೆ. ಅದರ ಹೆಸರು ನಾಮ್ ಪ್ಲಾ. 'ಮಾಯ್ ಸಾಯ್ ನಾಮ್ ಪ್ಲಾ' ಎಂದರೆ ಅದನ್ನು ಹಾಕಬೇಡಿ ಅಂತ. ಕಪಿ ಎಂದರೆ ಅಲ್ಲಿ ಸಿಗಡಿಯನ್ನು ಕೊಳೆಸಿ ಅರೆದ ಮುದ್ದೆ (ನಮ್ಮವರು ನಗುತ್ತಾರೆ, ನಗಲಿ), ಥಾಯ್ ಕರ್ರಿಯ ಮಸಾಲೆಯಲ್ಲೇ ಅದು ಸೇರಿರುತ್ತದೆ. ತೋಫು ಹಾಕಿಸಿಕೊಂಡ ಹಸಿರು ಕರ್ರಿಯೂ ಹಾಗಾಗಿ ಸಸ್ಯಾಹಾರವಲ್ಲ. ಪಪ್ಪಾಯಿ ಕೋಸಂಬರಿಯಂಥ ಸೊಮ್ ತಾಮ್‌ನಲ್ಲಿ ಒಣ ಸಿಗಡಿ ಇರುತ್ತದೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಬರೆದ 'ಜೇ' ಅಂಗಡಿ ಕಂಡರೆ ಧೈರ್ಯವಾಗಿ ಕೂರಿ: ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ.

ಮೂರನೆಯ ಸಂಜೆ ರೈಲು. ದೂರದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೆಪ್ ಅಪಿವಾಟ್ ನಿಲ್ದಾಣದಿಂದ ಹೊರಡುತ್ತವೆ. ಅಲ್ಲಿಗೆ ನೀಲಿ ಲೈನಿನ ಬಾಂಗ್ ಸು ಮೆಟ್ರೋ. ನಿಲ್ದಾಣ ಎಷ್ಟು ದೊಡ್ಡದೆಂದರೆ ಗೇಟು ಹುಡುಕಲೇ ಹದಿನೈದು ನಿಮಿಷ ಬೇಕು. ಎರಡನೆಯ ದರ್ಜೆಯ ಎಸಿ ಸ್ಲೀಪರ್‌ನಲ್ಲಿ ಎಲ್ಲ ಬರ್ತೂ ನಮ್ಮ ಸೈಡ್ ಲೋಯರ್ ಥರ ಉದ್ದಕ್ಕೆ, ಪರದೆ ಸಮೇತ. ಕೆಳಗಿನದು ಅಗಲ, ಕಿಟಕಿಯೂ ಅದರದೇ, ದರ ಸ್ವಲ್ಪ ಹೆಚ್ಚು. ಮೇಲಿನದಕ್ಕೆ ರಾತ್ರಿಯಿಡೀ ಆರದ ದೀಪ ಮುಖಕ್ಕೇ ಹೊಡೆಯುತ್ತದೆ, ಎಸಿಯ ಗಾಳಿಯೂ ನೇರ. ಆರಡಿ ಎತ್ತರದವರಿಗೆ ಕೆಳಗಿನದನ್ನು ಬಿಟ್ಟುಕೊಡಿ. ರೈಲಿನಲ್ಲಿ ಮದ್ಯ 2014ರಿಂದ ನಿಷಿದ್ಧ. ನಾವು ಇಳಿಯುವ ಚುಂಫೋನ್ ಬರುವುದು ನಸುಕಿಗೆ, ಅದು ಕೊನೆಯ ನಿಲ್ದಾಣವಲ್ಲ. ಸಿಬ್ಬಂದಿ ಎಬ್ಬಿಸುತ್ತಾರೆ ಎಂದು ನಂಬದೆ ಇಬ್ಬರು ಅಲಾರಂ ಇಟ್ಟುಕೊಳ್ಳಿ.

ಚುಂಫೋನ್‌ನಿಂದ ಕ್ಯಾಟಮರಾನ್ ದೋಣಿಯಲ್ಲಿ ಕೊ ಟಾವ್‌ಗೆ ಎರಡು ಗಂಟೆಯ ಹಾದಿ. ಬಸ್ಸೂ ಸೇರಿದ ಟಿಕೆಟ್ ತೆಗೆದರೆ ಸ್ಟೇಷನ್ನಿಂದಲೇ ಕಟ್ಟೆಗೆ ಒಯ್ಯುತ್ತಾರೆ. ಕಟ್ಟೆಯಲ್ಲಿ ಬ್ಯಾಗಿಗೂ ನಿಮ್ಮ ಅಂಗಿಗೂ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ, ದ್ವೀಪಕ್ಕೊಂದು ಬಣ್ಣ. ದೋಣಿಯೊಳಗೆ ಸಾಮಾನು ರಾಶಿಯೂ ಬೇರೆಬೇರೆ. ನೂಕುನುಗ್ಗಲಲ್ಲಿ ಬ್ಯಾಗನ್ನು ಹತ್ತಿರದ ರಾಶಿಗೆ ಎಸೆದರೆ ನೀವು ಟಾವ್‌ನಲ್ಲಿ ಇಳಿಯುತ್ತೀರಿ, ಬ್ಯಾಗು ಸಮುಯಿಗೆ ಹೋಗುತ್ತದೆ. ಡೆಕ್ಕಿನ ಮೇಲೆ ಇಟ್ಟದ್ದು ನೀರು ಸಿಡಿದು ಒದ್ದೆಯಾಗುವುದರಿಂದ ಪಾಸ್‌ಪೋರ್ಟು, ಫೋನು ಕೈಲೇ ಇರಲಿ. ಹೊಟ್ಟೆ ತೊಳಸುವವರು ಕೆಳ ಅಂತಸ್ತಿನ ಹಿಂಭಾಗದಲ್ಲಿ ಕೂರಿ. ಮಾತ್ರೆ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ಪ್ರಯೋಜನವಿಲ್ಲ.

ದ್ವೀಪದಲ್ಲಿ ಸ್ಕೂಟರ್ ಬಾಡಿಗೆ ದಿನಕ್ಕೆ 200ರಿಂದ 300 ಬಾತ್. ಪಾಸ್‌ಪೋರ್ಟ್ ಅಡ ಕೇಳುವ ಅಂಗಡಿ ಬಿಟ್ಟು ನಗದು ಠೇವಣಿ ಸಾಕೆನ್ನುವ ಕಡೆ ಹೋಗಿ. ಹೊರಡುವ ಮೊದಲು ಗಾಡಿಯ ಸುತ್ತ ವೀಡಿಯೊ ತೆಗೆಯಿರಿ, ಅಂಗಡಿಯವನು ನೋಡುತ್ತಿರುವಾಗಲೇ: ಕನ್ನಡಿಯ ತುದಿ, ಸೈಲೆನ್ಸರ್‌ನ ಕೆಳಭಾಗ, ಎಡಬಲದ ಪ್ಲಾಸ್ಟಿಕ್ಕು. ಹಳೆಯ ಗೀರಿಗೆ ದುಡ್ಡು ಕೇಳುವುದು ಈ ಮೂರು ಕಡೆಯೇ. ಅಲ್ಲೂ ಎಡಗಡೆಯೇ ಓಡಿಸುವುದರಿಂದ ನಮಗೆ ಸಲೀಸು. ಆದರೆ ಕೊ ಫಂಗನ್‌ನಲ್ಲಿ ಹಾದ್ ರಿನ್‌ಗೆ ಹೋಗುವ ಗುಡ್ಡದ ಇಳಿಜಾರು ಕಡಿದು, ತಿರುವಿನಲ್ಲಿ ಮರಳು. ಅಲ್ಲಿಗೆ ಇಬ್ಬರು ಕೂತ ಸ್ಕೂಟರ್ ಬೇಡ, ಟ್ಯಾಕ್ಸಿ ಹತ್ತಿ. ಹುಣ್ಣಿಮೆ ಪಾರ್ಟಿ ನಡೆಯುವುದು ಅದೇ ಬೀಚಿನಲ್ಲಿ. ಪಾರ್ಟಿ ಬೇಡದವರು ಹುಣ್ಣಿಮೆಯ ವಾರವನ್ನೇ ತಪ್ಪಿಸಬೇಕು. ಆಗ ಕೋಣೆ ದುಬಾರಿ, ಜೊತೆಗೆ ಕನಿಷ್ಠ ಇಷ್ಟು ರಾತ್ರಿ ಉಳಿಯಲೇಬೇಕೆಂಬ ಷರತ್ತು.

ಕೊ ಟಾವ್‌ನ ಹವಳದ ನಡುವೆ ಟೈಟನ್ ಟ್ರಿಗರ್ ಎಂಬ ಅರ್ಧ ಮೀಟರಿನ ಮೀನು ಗೂಡು ಕಾಯುತ್ತದೆ, ಹತ್ತಿರ ಹೋದವರ ಮೇಲೆ ಬೀಳುತ್ತದೆ. ಅದರ ಸರಹದ್ದು ಗೂಡಿನಿಂದ ಮೇಲಕ್ಕೆ ಆಲಿಕೆಯಂತೆ ಅಗಲವಾಗುತ್ತದೆ. ಹೆದರಿ ಮೇಲಕ್ಕೆ ಈಜಿದರೆ ಅದರ ಸರಹದ್ದಿನೊಳಗೇ ಇರುತ್ತೀರಿ, ಅಡ್ಡಕ್ಕೆ ಈಜಿ. ಲೋಳೆಮೀನು ಕುಟುಕಿದರೆ ಸಿಹಿನೀರು ಹಾಕಬೇಡಿ, ಉಜ್ಜಬೇಡಿ. ಎಷ್ಟೋ ಬೀಚುಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಕಟ್ಟಿರುತ್ತಾರೆ, ಅದನ್ನು ಅರ್ಧ ನಿಮಿಷಕ್ಕೂ ಹೆಚ್ಚು ಸುರಿದು ಆಸ್ಪತ್ರೆಗೆ ಹೊರಡಿ. ಹವಳಕ್ಕೆ ಕೆಡುಕಾದ ಆಕ್ಸಿಬೆನ್‌ಜೋನ್ ರಾಸಾಯನಿಕ ಇರುವ ಸನ್‌ಸ್ಕ್ರೀನ್ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷಿದ್ಧ. ಕೊಳ್ಳುವಾಗ ಟ್ಯೂಬಿನ ಹಿಂಬದಿ ಓದಿ.

ಸಿಲಿಂಡರ್ ಹಾಕಿ ಡೈವಿಂಗ್ ಮಾಡುವವರಿದ್ದರೆ ಅದು ಕೊ ಟಾವ್‌ನಲ್ಲೇ ಮುಗಿಯಲಿ. ಕೊನೆಯ ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತುವಂತಿಲ್ಲ, ಫಂಗನ್‌ನ ಮೂರು ದಿನ ಆ ಅಂತರ ತಾನಾಗಿ ಕೊಡುತ್ತದೆ. ವಾಪಸಿಗೆ ಫಂಗನ್‌ನಿಂದ ಬೆಳಗಿನ ದೋಣಿ, ಡೊನ್ ಸಕ್ ಕಟ್ಟೆಯಿಂದ ಬಸ್ಸು, ಸುರತ್ ಥಾನಿಯಿಂದ ಸಂಜೆಯ ವಿಮಾನ. ಅದು ಬ್ಯಾಂಕಾಕಿನ ಇನ್ನೊಂದು ವಿಮಾನ ನಿಲ್ದಾಣ ಡಾನ್ ಮುವಾಂಗ್‌ನಲ್ಲಿ ಇಳಿಸುತ್ತದೆ, ಬೆಂಗಳೂರಿನ ವಿಮಾನ ಸುವರ್ಣಭೂಮಿಯಿಂದ. ಎರಡರ ನಡುವೆ ಊರಿನ ಟ್ರಾಫಿಕ್ ಇದೆ. ಅಲೆ ಹೆಚ್ಚಾದರೆ ದೋಣಿ ನಿಲ್ಲಿಸಿಬಿಡುತ್ತಾರೆ, ಹಣ ವಾಪಸ್ ಸಿಗಬಹುದು, ತಪ್ಪಿದ ವಿಮಾನ ಸಿಗುವುದಿಲ್ಲ. ಹತ್ತನೆಯ ರಾತ್ರಿಯನ್ನು ಬ್ಯಾಂಕಾಕ್‌ಗೆ ಇಟ್ಟಿರುವುದು ಅದಕ್ಕೇ.