ಕೌದಿಗೆ ನಕ್ಷೆ ಬೇಡ, ಮೂಲೆಯಿಂದ ಹೊರಡಿ

ನಮ್ಮ ಮೇಲಿನ ಮನೆಯ ಹುಡುಗಿ ಇಲ್ಲೇ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ತಿಂಗಳು ಕೌದಿ, ಅಂದರೆ ಹಳೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ, ಕಲಿಯುತ್ತೇನೆಂದು ಬಂದಳು. ಕೈಯಲ್ಲಿ ಲಕ್ಷ್ಮೀ ರೋಡಿನಿಂದ ತಂದ ಐದು ಮೀಟರು ಹೊಸ ಬಟ್ಟೆ, ಒಳಗೆ ತುಂಬಲು ಪಾಲಿಯೆಸ್ಟರ್ ಸುರುಳಿ, ಚೌಕ ಚೌಕ ಬರೆದುಕೊಂಡ ಕಾಗದ. ನನಗೆ ಸಿಟ್ಟೇ ಬಂತು. ಅತ್ತೆಯ ಹಳೆ ಸೀರೆಗಳು ಟ್ರಂಕಿನಲ್ಲಿ ಮುಗ್ಗುತ್ತಿರುವಾಗ ಹೊಸ ಬಟ್ಟೆಯನ್ನು ಚೂರು ಮಾಡಿ ಮತ್ತೆ ಜೋಡಿಸುವುದು ಯಾವ ಶಾಸ್ತ್ರ?

“ಅಜ್ಜಿ, ಮೊದಲ ಡಿಸೈನ್ ಮಾಡ್ಕೋಬೇಕಲ್ಲ?” ಅಂದಳು. ಬೇಡ ತಂಗಿ. ಮೊದಲು ಟ್ರಂಕು ತೆಗಿ.

ಹಳೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಚರ್ರೆಂದರೆ ಒಳಪದರಕ್ಕೆ, ತಡೆದರೆ ಮೇಲಕ್ಕೆ. ಹತ್ತಿಯದ್ದೇ ಇರಲಿ. ಇಳಕಲ್ ಸೀರೆಯ ಒಡಲು ಕೌದಿಗೆ ಚಿನ್ನ, ಆದರೆ ಅದರ ರೇಷ್ಮೆಯ ಅಂಚು ಬಿಡಿಸಿಬಿಡಿ. ಒಗೆದಾಗ ಹತ್ತಿಯ ಜೊತೆ ಹೊಂದದೆ ಸುಕ್ಕು ಎಳೆಯುತ್ತದೆ. ಕೆಂಪು ಬಟ್ಟೆಯನ್ನು ಮೊದಲೇ ಉಪ್ಪುನೀರಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೂ ಒಗೆಯಿರಿ. ಪುಣೆಗೆ ಬಂದ ಹೊಸದರಲ್ಲಿ ಹಾಗೆ ಮಾಡದೆ ನಮ್ಮವರ ಬಿಳಿ ಧೋತರದ ಕೌದಿಯನ್ನೆಲ್ಲ ಗುಲಾಬಿ ಮಾಡಿಕೊಂಡಿದ್ದೆ.

ನಮ್ಮ ಗದಗದ ಕಡೆ ಅವ್ವ ಕೌದಿಯನ್ನು ಈ ತುದಿಯಿಂದ ಆ ತುದಿಗೆ ಗೆರೆ ಹೊಡೆದ ಹಾಗೆ ಹೊಲಿಯುತ್ತಿದ್ದಳು. ಇಲ್ಲಿಯ ಮರಾಠಿ ಅಜ್ಜಿಯರ ಗೋಧಡಿಯೂ ನಾನು ಕಂಡ ಮಟ್ಟಿಗೆ ಹಾಗೆಯೇ. ನಾನೂ ಅರವತ್ತು ದಾಟುವವರೆಗೆ ಅದನ್ನೇ ಮಾಡಿದೆ. ಆಮೇಲೆ ಹಳಿಯಾಳದಲ್ಲಿ ಬೀಗರ ಮನೆಯ ಅಂಗಳದಲ್ಲಿ ಒಬ್ಬ ಸಿದ್ದಿ ಹೆಂಗಸು ಕೂತು ಹೊಲಿಯುವುದನ್ನು ಎರಡು ಮಧ್ಯಾಹ್ನ ನೋಡಿದೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದಿದ್ದ ಜನರ ವಂಶದವರು ಅವರು. ಆಕೆಯ ಕೈ ನೋಡಿದ ಮೇಲೆ ನನ್ನ ಹೊಲಿಗೆಯ ದಾರಿಯೇ ಬೇರೆಯಾಯಿತು.

ಆ ರೀತಿ ಹೀಗೆ, ಗಮನವಿಟ್ಟು ಕೇಳಿ. ಅಡಿಗೆ ಒಂದು ಗಟ್ಟಿ ಸೀರೆಯನ್ನು ನೆಲದ ಮೇಲೆ ಹಾಸಿ. ಮಂಚದ ಮೇಲೆ ಹಾಸಬೇಡಿ, ನೆಲವೇ ಆಗಬೇಕು. ನಡುವಿನಿಂದ ಅಂಗೈಯಲ್ಲಿ ಸವರಿ ಒಳಪದರ ಹರಡಿ. ಮೇಲಿನ ತುಂಡುಗಳನ್ನು ಒಟ್ಟಿಗೆ ಜೋಡಿಸಿಕೊಳ್ಳಲೇಬೇಡಿ. ಒಂದು ಮೂಲೆಯಲ್ಲಿ ಮೊದಲ ತುಂಡಿಡಿ, ಅದರ ಬಾಯಿಯನ್ನು ಸೂಜಿಯ ಮೊನೆಯಿಂದಲೇ ಒಳಗೆ ಮಡಚಿ, ಅಂಚಿನುದ್ದಕ್ಕೂ ಹೊಲಿಯುತ್ತ ಹೊರಡಿ. ಮುಗಿಯುವಷ್ಟರಲ್ಲಿ ಪಕ್ಕದ ತುಂಡನ್ನು ಅದರ ಮೇಲೆ ತುಸು ಹತ್ತಿಸಿ ಇಡಿ. ಹೀಗೆ ನಾಲ್ಕೂ ಬದಿ ಸುತ್ತಿ ಮೊದಲ ಮೂಲೆಗೆ ಬಂದಿರಿ ಅನ್ನಿ, ಒಂದು ಬೆರಳು ಒಳಗೆ ಸರಿದು ಎರಡನೆಯ ಸುತ್ತು. ಬಲಗೈ ಮೇಲೆ, ಎಡಗೈ ಬಟ್ಟೆಯ ಅಡಿಯಲ್ಲಿ, ಸೂಜಿಯ ಮೊನೆ ಪ್ರತಿ ಸಲ ಎಡಗೈ ಬೆರಳಿಗೆ ತಾಗಬೇಕು. ತಾಗದಿದ್ದರೆ ಅಡಿಯ ಸೀರೆಯನ್ನು ಅದು ಹಿಡಿದಿಲ್ಲ. ಹೊಲಿಗೆ ಅಕ್ಕಿಕಾಳಿನಷ್ಟು. ದಾರ ಒಂದು ಮೊಳದ ಮೇಲೆ ತುಸು ಇದ್ದರೆ ಸಾಕು, ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ. ಬಿಗಿ ಎಳೆಯಬೇಡಿ! ಈಗಿನವರೆಲ್ಲ ಚೀಲದ ಬಾಯಿ ಕಟ್ಟುವ ಹಾಗೆ ಎಳೆಯುತ್ತಾರೆ, ಕೌದಿ ಮುದುಡಿಕೊಳ್ಳುತ್ತದೆ.

ಪ್ರತಿ ಸುತ್ತಿಗೂ ಅಂಗೈಯಲ್ಲಿ ಒಳಮುಖವಾಗಿ ಸವರಿ. ಬಟ್ಟೆ ಉಬ್ಬಿದರೆ ಅಲ್ಲಿಯ ತುಂಡು ಇನ್ನೂ ಹೊಲಿದಿಲ್ಲವಲ್ಲ, ಸರಿಸಿ ಇಡಬಹುದು. ಎಲ್ಲ ಮೊದಲೇ ಜೋಡಿಸಿದವಳಿಗೆ ಈ ಅನುಕೂಲವಿಲ್ಲ. ಬಣ್ಣವೂ ಹಾಗೆಯೇ: ಹಸಿರು ಹೊಲಿದು ಮುಗಿಸಿದಾಗ ಕಣ್ಣು ಹಳದಿ ಕೇಳುತ್ತದೆ, ರಾಶಿಗೆ ಕೈ ಹಾಕುತ್ತೀರಿ. ಐವತ್ತು ವರ್ಷ ಗೆರೆ ಹೊಡೆದವಳಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದರೆ, ಆ ಚಳಿಗಾಲ ಮೂರು ಕೌದಿ ಹೊಲಿದೆ.

ನಾಲ್ಕು ಮೂಲೆಗೂ ಸಿದ್ದಿಯರು ಬಟ್ಟೆ ಮಡಚಿದ ಮುಮ್ಮೂಲೆಯ ‘ಫೂಲ’, ಅಂದರೆ ಹೂವು, ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ಬಿಡಬೇಡಿ.

ಕೊನೆಗೆ ನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅಲ್ಲಿಗೆ ಏನೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಡಿ. ನನ್ನ ಮೊದಲ ಸುತ್ತುಕೌದಿಗೆ ಅವ್ವನ ಗುಳೇದಗುಡ್ಡದ ಖಣದ ಕುಬಸದ ತೋಳು ಹೊಂದಿತು. ಖಣದಲ್ಲಿ ರೇಷ್ಮೆ ಇದ್ದರೂ, ಚಿಕ್ಕ ತುಂಡಾದ್ದರಿಂದ ಇಷ್ಟು ವರ್ಷ ಒಗೆದರೂ ಸುಕ್ಕು ಎಳೆದಿಲ್ಲ. ಮೇಲಿನ ಮನೆಯ ಹುಡುಗಿ ಈಗ ನಾಲ್ಕನೆಯ ಸುತ್ತಿನಲ್ಲಿದ್ದಾಳೆ. ಆ ಕಾಗದ ನನ್ನ ಕಿರಾಣಿ ಪಟ್ಟಿಗಾಯಿತು, ಹೊಸ ಬಟ್ಟೆಯಲ್ಲಿ ಅವಳಿಗೇ ಒಂದು ಜಂಪರ್ ಹೊಲಿದುಕೊಟ್ಟೆ.