ಜಪಾನಿನಲ್ಲಿ ನೆಲ ನಡುಗಿದಾಗ: ದುರ್ಗ, ದಾವಣಗೆರೆ ಕಡೆಯಿಂದ ಬರುವವರಿಗೆ

ನಾನು ಜಪಾನಿಗೆ ಬಂದ ಮೊದಲ ವರ್ಷ, ಇಲ್ಲಿ ಭೂಕಂಪವಾದರೆ ನನಗಿಂತ ಮೊದಲು ಗಾಬರಿಯಾಗುತ್ತಿದ್ದವರು ಚಿತ್ರದುರ್ಗದಲ್ಲಿರುವ ನಮ್ಮ ಅಮ್ಮ. ಟಿವಿಯಲ್ಲಿ ಆರು ಚಿಲ್ಲರೆ ಅಂಕಿ ಕೆಂಪಗೆ ಮಿನುಗಿದರೆ ಸಾಕು, ಫೋನ್. "ಮನೆ ಬಿದ್ದಿಲ್ಲ ತಾನೇ?" ನಾನಿಲ್ಲಿ ನಿಶ್ಚಿಂತೆಯಿಂದ ಚಪಾತಿ ಲಟ್ಟಿಸುತ್ತಿರುತ್ತಿದ್ದೆ. ಕೊನೆಗೆ ಅಮ್ಮನಿಗೆ ಒಂದು ಜಪಾನಿ ಪದ ಕಲಿಸಿದೆ: ಶಿಂದೋ. ಈಗ ನಮ್ಮದೇ ಬೀದಿಯ ಹುಡುಗಿಯೊಬ್ಬಳು ಕೆಲಸಕ್ಕೆಂದು ಇಲ್ಲಿಗೆ ಬರುತ್ತಿದ್ದಾಳೆ. ಅವಳಿಗೆ ಹೇಳಬೇಕಾದದ್ದನ್ನು ಎಲ್ಲರಿಗೂ ಬರೆದಿಡುತ್ತಿದ್ದೇನೆ.

ಮ್ಯಾಗ್ನಿಟ್ಯೂಡ್ ಎಂದರೆ ಭೂಕಂಪ ಹುಟ್ಟಿದ ಜಾಗದಲ್ಲಿ ಬಿಡುಗಡೆಯಾದ ಶಕ್ತಿಯ ಅಳತೆ. ಒಂದು ಭೂಕಂಪಕ್ಕೆ ಒಂದೇ ಅಂಕಿ. ಶಿಂದೋ ಎಂದರೆ ನೀವು ನಿಂತಿರುವ ಜಾಗ ಎಷ್ಟು ಅಲುಗಿತು ಎಂಬುದು. ಅದು ಊರಿಂದೂರಿಗೆ ಬೇರೆ. ಜಾತ್ರೆಯಲ್ಲಿ ಡೊಳ್ಳಿನ ಪೆಟ್ಟು ಒಂದೇ, ಆದರೆ ಎದುರು ನಿಂತವನ ಎದೆ ಅದುರುತ್ತದೆ, ಮೂರು ಬೀದಿ ಆಚೆ ಇರುವವನಿಗೆ ಗುಂಯ್ ಎಂದು ಕೇಳಿಸುತ್ತದೆ, ಅಷ್ಟೇ ವ್ಯತ್ಯಾಸ. ಜಪಾನಿನ ಹವಾಮಾನ ಸಂಸ್ಥೆ ಶಿಂದೋವನ್ನು ಸೊನ್ನೆಯಿಂದ 7ರವರೆಗೆ ಹತ್ತು ಮೆಟ್ಟಿಲುಗಳಲ್ಲಿ ಹೇಳುತ್ತದೆ. 5 ಮತ್ತು 6ರಲ್ಲಿ ಕೆಳಗಿನದು, ಮೇಲಿನದು ಎಂದು ಎರಡೆರಡು. 3 ಆದರೆ ಮನೆಯೊಳಗಿದ್ದ ಹೆಚ್ಚಿನವರಿಗೆ ತಿಳಿಯುತ್ತದೆ. 4 ಆದರೆ ತೂಗುದೀಪ ಜೋರಾಗಿ ಓಲಾಡುತ್ತದೆ. ಕೆಳಗಿನ 5ಕ್ಕೆ ಕೈ ಏನನ್ನಾದರೂ ಹಿಡಿದುಕೊಳ್ಳಲು ಹುಡುಕುತ್ತದೆ, ಕಪಾಟಿನ ಪಾತ್ರೆ ಉರುಳುತ್ತವೆ. 6ರಲ್ಲಿ ನಿಲ್ಲುವುದೇ ಕಷ್ಟ.

ಇಷ್ಟೊಂದು ಭೂಕಂಪ ಏಕೆ? "ಸಮುದ್ರದ ಮಧ್ಯೆ ಇದೆಯಲ್ಲ, ಅದಕ್ಕೆ" ಎಂದು ನಮ್ಮ ಮಾವ ದಾವಣಗೆರೆಯ ಮದುವೆಮನೆಯೊಂದರಲ್ಲಿ ತೀರ್ಪು ಕೊಟ್ಟಿದ್ದರು. ಹಾಗಾದರೆ ಶ್ರೀಲಂಕಾ ದಿನವೂ ನಡುಗಬೇಕಿತ್ತು. ವಿಷಯ ತಿರುವುಮುರುವಾಗಿದೆ: ಯಾವ ಒತ್ತಡ ಭೂಕಂಪ ತರುತ್ತದೆಯೋ ಅದೇ ಈ ದ್ವೀಪಗಳನ್ನು ಎತ್ತಿ ನಿಲ್ಲಿಸಿದೆ. ಜಪಾನಿನ ಸುತ್ತ ನಾಲ್ಕು ಭೂಫಲಕಗಳು, ಅಂದರೆ ಭೂಮಿಯ ಹೊರಚಿಪ್ಪಿನ ಬೃಹತ್ ತುಂಡುಗಳು, ಸೇರುತ್ತವೆ. ಪೂರ್ವದಿಂದ ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಸರಿದು ಬಂದು ಜಪಾನಿನ ಅಡಿಗೆ ನುಸುಳುತ್ತದೆ. ನುಸುಳುವಾಗ ಮೇಲಿನ ಫಲಕದ ಅಂಚನ್ನೂ ಕಚ್ಚಿಕೊಂಡು ಎಳೆಯುತ್ತದೆ. ತಾಳಲಾರದ ದಿನ ಆ ಅಂಚು ಚಿಮ್ಮುತ್ತದೆ. 2011ರ ಮಾರ್ಚ್ 11ರ 9.0 ಪ್ರಮಾಣದ ಭೂಕಂಪವೂ ಸುನಾಮಿಯೂ ಹಾಗೆ ಬಂದವು. ಇನ್ನು ಜ್ವಾಲಾಮುಖಿ: ಕೆಳಗಿಳಿದ ಫಲಕ ತನ್ನೊಳಗಿನ ನೀರನ್ನು ಸುಮಾರು 100 ಕಿಲೋಮೀಟರ್ ಆಳದಲ್ಲಿ ಬಿಟ್ಟುಕೊಡುತ್ತದೆ. ನೀರು ಸೇರಿದ ಬಿಸಿ ಬಂಡೆ ಕಡಿಮೆ ಶಾಖಕ್ಕೇ ಕರಗಿ ಮೇಲೇರುತ್ತದೆ. ಇಂಡೊನೇಷ್ಯಾ, ಫಿಲಿಪೈನ್ಸ್‌ಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಐಸ್‌ಲ್ಯಾಂಡಿನದು ಮಾತ್ರ ಬೇರೆ. ಅಲ್ಲಿ ಫಲಕಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿವೆ.

ನಮ್ಮ ಕಡೆಯ ನೆಲ ಫಲಕದ ಅಂಚಿನಿಂದ ದೂರ, ಮುದಿ ನೆಲ. ಆದರೆ ಅದಕ್ಕೂ ಪ್ರಾಯವಿತ್ತು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳನ್ನು ನೋಡಿದ್ದೀರಾ? ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದ ಅಡಿಯಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿ ಹಾಗೆ ಗಟ್ಟಿಯಾಯಿತು. ಬರುವ ಮುಂಚೆ ಒಮ್ಮೆ ಹೋಗಿ ಮುಟ್ಟಿ ಬನ್ನಿ.

ಬಾಡಿಗೆ ಮನೆ ಹುಡುಕುವಾಗ ಕೇಳಲೇಬೇಕಾದ ಪ್ರಶ್ನೆ: "ಶಿನ್ ತೈಶಿನ್ ದೆಸು ಕಾ?" ಹೊಸ ಭೂಕಂಪ ನಿಯಮದ ಕಟ್ಟಡವೇ ಎಂದು. ಆ ನಿಯಮ ಜಾರಿಯಾದದ್ದು 1981ರ ಜೂನ್ 1ರಂದು. ಲೆಕ್ಕಕ್ಕೆ ಬರುವುದು ಕಟ್ಟಡದ ಅನುಮತಿಯ ದಿನ, ಕಟ್ಟಿ ಮುಗಿದ ದಿನವಲ್ಲ. 1982ರಲ್ಲಿ ಮುಗಿದ ಮನೆ ಹಳೇ ನಿಯಮದ್ದೂ ಆಗಿರಬಹುದು. ನಿಲ್ದಾಣಕ್ಕೆ ಹತ್ತಿರ, ಬಾಡಿಗೆ ಅಗ್ಗ ಎಂದು ಇದರಲ್ಲಿ ರಾಜಿಯಾಗಬೇಡಿ. 1995ರ ಕೋಬೆ ಭೂಕಂಪದಲ್ಲಿ ಸತ್ತವರು 6,434 ಜನ, ಹೆಚ್ಚಿನವರು ಕುಸಿದ ಮನೆಗಳ ಅಡಿಯಲ್ಲಿ. ನಮ್ಮ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲೂ 1993ರ ಭೂಕಂಪದಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣು ಮೆತ್ತಿ ಕಟ್ಟಿದ ಕಲ್ಲಿನ ಗೋಡೆಗಳೇ.

ಮೊಬೈಲ್ ಒಂದು ದಿನ ಕಿವಿ ಹರಿಯುವಂತೆ ಕೂಗಿ "ಜಿಶಿನ್ ದೆಸು" ಎನ್ನುತ್ತದೆ, ಭೂಕಂಪ ಎಂದು. ಮೊದಲು ಬರುವ ವೇಗದ ಅಲೆ ಹಗುರ, ಹಿಂದೆ ಬರುವ ನಿಧಾನದ ಅಲೆಯೇ ಹೊಡೆಯುವುದು. ಮೊದಲಿನದನ್ನು ಹಿಡಿದು ಎರಡನೆಯದರ ಸುದ್ದಿ ಮುಟ್ಟಿಸುತ್ತಾರೆ. ಸಿಗುವುದು ಕೆಲವೇ ಸೆಕೆಂಡು, ಹುಟ್ಟಿದ ಜಾಗ ಹತ್ತಿರವಿದ್ದರೆ ಅದೂ ಇಲ್ಲ. ನಮ್ಮವರು ತಕ್ಷಣ ಮಾಡುವುದು ಹೊರಗೆ ಓಡುವುದು. ಓಡಬೇಡಿ. ಮೇಜಿನಡಿ ಸೇರಿ ತಲೆ ಕಾಯ್ದುಕೊಳ್ಳಿ. ಹೊರಗೆ ಗಾಜು, ಹೆಂಚು ಬೀಳುತ್ತಿರುತ್ತವೆ. ಕಡಲತೀರದಲ್ಲಿದ್ದರೆ ಮಾತ್ರ ಅಲುಗಾಟ ನಿಂತ ಕ್ಷಣವೇ ಎತ್ತರದ ಜಾಗಕ್ಕೆ, ಯಾರ ಪ್ರಕಟಣೆಗೂ ಕಾಯದೆ.

ಆಮೇಲೆ ಸಾರು ಬಿಸಿ ಮಾಡಲು ಹೋದರೆ ಒಲೆ ಹತ್ತುವುದಿಲ್ಲ. ಶಿಂದೋ 5ರ ಆಸುಪಾಸಿನಲ್ಲಿ ಗ್ಯಾಸ್ ಮೀಟರ್ ತಾನೇ ಮುಚ್ಚಿಕೊಳ್ಳುತ್ತದೆ. ನಾನು ಅರ್ಧ ದಿನ ಬ್ರೆಡ್ ತಿಂದು ಕುಳಿತ ಮೇಲೆ ಪಕ್ಕದ ಮನೆಯ ಅಜ್ಜಿ ಬಾಗಿಲಾಚೆಯ ಮೀಟರ್ ತೋರಿಸಿದರು: ಗ್ಯಾಸ್ ವಾಸನೆ ಇಲ್ಲವೆಂದು ನೋಡಿ, ಒಲೆ, ಗೀಸರ್ ಎಲ್ಲ ಬಂದ್ ಮಾಡಿ, ಗುಂಡಿ ಒತ್ತಿ, ಕೆಂಪು ದೀಪ ಮಿನುಗುವಾಗ ಸುಮಾರು ಮೂರು ನಿಮಿಷ ಸುಮ್ಮನಿರಬೇಕು. ದೀಪ ಆರಿದರೆ ಒಲೆ ಸಿದ್ಧ.

ತುರ್ತು ಚೀಲದಲ್ಲಿ ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನದ ನೀರು, ಟಾರ್ಚು, ಪಾಸ್‌ಪೋರ್ಟಿನ ಪ್ರತಿ. ಮಂಚದ ಪಕ್ಕ ಚಪ್ಪಲಿ, ಒಡೆದ ಗಾಜಿನ ಮೇಲೆ ನಡೆಯಲು. ಶಾಲೆಯ ಸಭಾಂಗಣವೇ ಸಾಮಾನ್ಯವಾಗಿ ಆಶ್ರಯತಾಣ; ಪರದೇಶಿಗಳೆಂದು ಯಾರೂ ತಡೆಯುವುದಿಲ್ಲ. ಆದರೆ ಅಲ್ಲಿ ಕೊಡುವ ಅನ್ನದುಂಡೆಯೊಳಗೆ ಮೀನು ಇರಬಹುದು. ಸಸ್ಯಾಹಾರಿಗಳು ದಾವಣಗೆರೆ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬನ್ನಿ. ಒಲೆ ಬೇಡ, ಭಾರವಿಲ್ಲ. ನನ್ನ ಚೀಲದ ಮಂಡಕ್ಕಿ ಭೂಕಂಪವಿಲ್ಲದೆಯೇ ಖಾಲಿಯಾಗುತ್ತದೆ, ಅದು ಬೇರೆ ಮಾತು.

ಬೆಟ್ಟ ಹತ್ತುವ ಹುಚ್ಚಿದ್ದವರು ಜ್ವಾಲಾಮುಖಿಯ ಎಚ್ಚರಿಕೆಯ ಮಟ್ಟ ನೋಡಿ ಹೊರಡಿ, 1ರಿಂದ 5. 1 ಎಂದರೆ ಭಯವಿಲ್ಲ ಎಂದು ತಿಳಿಯಬೇಡಿ. 2014ರಲ್ಲಿ ಓಂತಾಕೆ ಸಿಡಿದಾಗ ಮಟ್ಟ 1ರಲ್ಲೇ ಇತ್ತು. 63 ಜನ ಸತ್ತರು ಅಥವಾ ಕಾಣೆಯಾದರು.

ದೊಡ್ಡದಾದಾಗ ಫೋನ್ ಕರೆ ಹತ್ತುವುದು ಕಷ್ಟ, ಸಣ್ಣ ಸಂದೇಶ ಹೇಗೋ ನುಸುಳುತ್ತದೆ. ಏನು ಬರೆಯುವುದು ಎಂದು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನಾನು "ಶಿಂದೋ 3" ಎಂದಷ್ಟೇ ಕಳಿಸುತ್ತೇನೆ. ಅಮ್ಮನಿಂದ ಬರುವ ಉತ್ತರ: "ಊಟ ಆಯಿತಾ?"